ಬಿಡುವುದಕ್ಕೂ ಏನಾದರೂ ಇರಬೇಕು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಅವಳದು ಉಬ್ಬುಹಲ್ಲು ಎಂದಲ್ಲ. ಹಲ್ಲು ಕಟ್ಟುವುದು ಅವಳ ಕಸುಬು. ಹಲ್ಲಿನ ಡಾಕ್ಟರು ಮುಂದಿನ ಕೋಣೆಯಲ್ಲಿ ಬೋಳು ಒಸಡುಗಳ ಅಚ್ಚು ತೆಗೆದು ಕಳಿಸುತ್ತಿದ್ದರು. ಹಿಂದಿನ ಉದ್ದನೆಯ ಕೋಣೆಯಲ್ಲಿ ಹಲ್ಲಕ್ಕ ಅದಕ್ಕೆ ಪ್ಲಾಸ್ಟರ್ ಸುರಿದು, ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಮಾಡುತ್ತಿದ್ದಳು. ಆ ಕೋಣೆಗೆ ಒಂದೇ ಕಿಟಕಿ, ಅದರ ಗಾಜಿನ ಮೇಲೂ ಬಿಳಿ ಪುಡಿ. ಸಂಜೆ ಮನೆಗೆ ಬಂದಾಗ ಅವಳ ಹುಬ್ಬು ಮುದುಕಿಯರ ಹುಬ್ಬಿನಂತೆ ಕಾಣುತ್ತಿತ್ತು.

ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲಿ. ಕಟ್ಟಿದ ಹಲ್ಲು ಚುಚ್ಚುತ್ತದೆಂದು ಯಾರಾದರೂ ಎರಡನೇ ಸಲ ಬಂದರೆ ಬಾಗಿಲ ಸಂದಿಯಿಂದಲೇ ಹೇಳುತ್ತಿದ್ದಳು: "ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿಮಗೆ ಈಗ ಎರಡೂ ಇದೆ, ಅಗಿಯೋ ತಾಳ್ಮೆ ಒಂದಿಲ್ಲ." ಬೈದುಕೊಂಡೇ ಸೆಟ್ಟನ್ನು ಕೈಗೆ ತೆಗೆದುಕೊಂಡು, ಕೂದಲೆಳೆಯಷ್ಟು ಉಜ್ಜಿ ಕೊಡುತ್ತಿದ್ದಳು. ಜನ ಬೈಗುಳವನ್ನೂ ಹಲ್ಲಿನ ಜತೆಗೇ ಹಾಕಿಕೊಂಡು ಹೋಗುತ್ತಿದ್ದರು.

ಅವಳ ಸಿಟ್ಟಿನ ಬೇರು ಎಲ್ಲಿತ್ತೆಂದು ಹೇಳಬೇಕಾದರೆ ಕಾನ್ವೆಂಟಿನ ಸಿಸ್ಟರುಗಳ ಸ್ಕೂಲಿನಿಂದಲೇ ಶುರು ಮಾಡಬೇಕು. ಅವಳ ಅಮ್ಮ ಆ ಸ್ಕೂಲಿನ ಬಟ್ಟೆ ಒಗೆಯುವವಳು. ಗಂಡ ಸತ್ತ ಮೇಲೆ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಂದು ಕೆಲಸ ಕೇಳಿದ್ದಳು. ಸಿಸ್ಟರುಗಳು ಕೆಲಸವನ್ನೂ ಕೊಟ್ಟರು, ಹಿತ್ತಿಲಲ್ಲಿ ಒಂದು ಕೋಣೆಯನ್ನೂ ಕೊಟ್ಟರು, ಮಗುವಿಗೆ ಬೆಂಚಿನ ಮೇಲೆ ಜಾಗವನ್ನೂ ಕೊಟ್ಟರು. ಆ ಉಪಕಾರದ ಭಾರ ಹಲ್ಲಕ್ಕನ ಹೆಗಲಿನಿಂದ ಎಂದೂ ಇಳಿಯಲಿಲ್ಲ. ಉಳಿದ ಹುಡುಗಿಯರು ಪ್ರಾರ್ಥನೆಯಲ್ಲಿ ಆಕಳಿಸಬಹುದಿತ್ತು. ಇವಳು ಆಕಳಿಸಿದರೆ ಅಮ್ಮನ ಅನ್ನಕ್ಕೆ ಕಲ್ಲು ಹಾಕಿದ ಹಾಗೆ.

ಅಲ್ಲಿ ಅವಳು ಮುತ್ತು ಪೋಣಿಸಿದಂಥ ಅಕ್ಷರ ಕಲಿತಳು, ಹೊಲಿಗೆ ಕಲಿತಳು. ಗಾಯನ ಕಲಿಸುವ ಸಿಸ್ಟರು ಇವಳ ಗಂಟಲು ತಗ್ಗಿನದೆಂದು ಕಂಡುಹಿಡಿದು ಯಾವಾಗಲೂ ಮುಖ್ಯ ರಾಗದ ಕೆಳಗೆ ಜತೆಗೂಡುವ ಎರಡನೇ ದನಿಗೆ ನಿಲ್ಲಿಸುತ್ತಿದ್ದರು. ಆ ಸಿಸ್ಟರು ಒಳ್ಳೆಯವರು. ಏಪ್ರನ್ನಿನ ಜೇಬಿನಲ್ಲಿ ಸದಾ ಪೆಪ್ಪರಮಿಂಟು ಇರುತ್ತಿತ್ತು. ಜ್ಞಾನೋಪದೇಶದ, ಎಂದರೆ ಧರ್ಮದ ಪಾಠದ, ಸಿಸ್ಟರು ಬೇರೆ ಥರ. ದೇವರು ಗೋಡೆಯ ಆಚೆಯಿಂದಲೂ ನೋಡುತ್ತಾನೆ, ತಲೆಬುರುಡೆಯ ಒಳಗೂ ನೋಡುತ್ತಾನೆ ಎಂದು ಅವರು ಹೇಳಿಕೊಟ್ಟರು. ಎಂಟು ವರ್ಷದ ಹುಡುಗಿ ಕೊಟ್ಟಿದ್ದನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡಳು.

ಮೊದಲ ಪಾಪನಿವೇದನೆಯ ದಿನ ಮರದ ಜಾಲರಿಯ ಆಚೆ ಪಾದ್ರಿಗಳು ಕೆಮ್ಮಿ, "ಹೇಳು ಮಗಳೇ" ಎಂದರು. ಇವಳಿಗೆ ಹೇಳಲು ಏನೂ ನೆನಪಾಗಲಿಲ್ಲ. ಪಾಪವೇ ಇಲ್ಲ ಎನ್ನುವುದು ಅಹಂಕಾರ ಎಂದು ಮೊದಲೇ ಹೇಳಿಕೊಟ್ಟಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು. "ಅಡುಗೆಮನೆಯಿಂದ ಸಕ್ಕರೆ ಕದ್ದೆ" ಎಂದುಬಿಟ್ಟಳು. ಕದ್ದಿರಲಿಲ್ಲ. ಹೊರಗೆ ಬಂದ ಮೇಲೆ ಹೊಳೆಯಿತು: ಇಲ್ಲದ ಪಾಪ ಹೇಳಿ ದೇವರಿಗೇ ಸುಳ್ಳು ಹೇಳಿದ್ದೇನೆ, ಅದೂ ಪಾಪನಿವೇದನೆಯಲ್ಲಿ. ಈ ಗಂಟನ್ನು ಬಿಚ್ಚಿ ಹೇಳುವ ಧೈರ್ಯ ಅವಳಿಗೆ ಮುಂದೆಂದೂ ಬರಲಿಲ್ಲ. ಹದಿನಾರಕ್ಕೆ ಸ್ಕೂಲು ಬಿಡುವವರೆಗೆ ಆ ಸಕ್ಕರೆ ಅವಳ ನಾಲಿಗೆಯ ಮೇಲೆ ಕರಗದೆ ಕೂತಿತ್ತು.

ನಂಬಿಕೆ ಹೋದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಹೇಳಿಕೊಳ್ಳುವಂಥ ಕಥೆ ಇರಲಿಲ್ಲ. ಹಲ್ಲು ಕಟ್ಟುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಾನುವಾರ ಕೆಲಸದ ರಾಶಿ ಬಿದ್ದು ಚರ್ಚಿಗೆ ಹೋಗಲಾಗಲಿಲ್ಲ. ಇಡೀ ದಿನ ಹೆದರಿಕೊಂಡು ಕೂತಳು. ಮುಂದಿನ ಭಾನುವಾರ ಕೆಲಸವಿರಲಿಲ್ಲ. ಆದರೂ ಹೋಗದೆ, ಎಷ್ಟು ಹೆದರಿಕೆಯಾಗುತ್ತದೆ ನೋಡೋಣ ಎಂದು ಕೂತಳು. ಸ್ವಲ್ಪ ಕಡಿಮೆಯಾಯಿತು. ಹೀಗೆ ಬರುಬರುತ್ತ ಒಂದು ದಿನ ನೋಡಿದರೆ ಹೆದರಿಕೆಯೂ ಇಲ್ಲ, ನಂಬಿಕೆಯೂ ಇಲ್ಲ. ಹಲ್ಲುನೋವು ನಿಂತದ್ದು ಯಾವ ಗಳಿಗೆಯಲ್ಲಿ ಎಂದು ಯಾರಿಗೆ ತಾನೇ ಗೊತ್ತಾಗುತ್ತದೆ?

ಮದುವೆಯಾದದ್ದು ಲಿಫ್ಟ್ ರಿಪೇರಿಯವನನ್ನು. ಅವನಿಗೆ ದೇವರ ಮೇಲೆ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಎಂದೂ ಭೇಟಿಯಾಗದ ದೂರದ ಸಂಬಂಧಿಯ ಹಾಗೆ. "ನಾನು ದಿನಾ ಜನರನ್ನ ಮೇಲಕ್ಕೆ ಕಳಿಸ್ತೀನಿ, ಕೆಳಕ್ಕೂ ಕಳಿಸ್ತೀನಿ. ಆಮೇಲಿನದು ನನ್ನ ಡ್ಯೂಟಿ ಅಲ್ಲ" ಎನ್ನುವವನು. ರಿಜಿಸ್ಟರ್ ಮದುವೆ. ಅಮ್ಮ ಒದ್ದೆ ಕಣ್ಣಿನಲ್ಲೇ ಬಂದು ಸಾಕ್ಷಿ ಸಹಿ ಹಾಕಿದಳು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಹಲ್ಲಕ್ಕ ಗಂಡನಿಗೆ ಒಂದೇ ಮಾತು ಹೇಳಿದಳು.

"ರೀ, ನಮ್ಮ ಮಕ್ಕಳಿಗೆ ಯಾರೂ ಹೆದರಿಕೆ ಹೇಳಿಕೊಡಬಾರದು. ಚರ್ಚಿಗೆ ಸೇರಿಸೋ ಜ್ಞಾನಸ್ನಾನ ಬೇಡ, ಜಪಮಾಲೆ ಬೇಡ, ಏನೂ ಬೇಡ. ದೊಡ್ಡವರಾದ ಮೇಲೆ ಬೇಕಾದ್ರೆ ಅವರೇ ನೋಡ್ಕೊಳ್ಳಲಿ."

"ಆಯ್ತು ಬಿಡು" ಎಂದ ಗಂಡ. ಅವನು ಎಲ್ಲದಕ್ಕೂ ಹಾಗೆಯೇ ಎನ್ನುತ್ತಿದ್ದದ್ದರಿಂದ ಅವಳಿಗೆ ಅದು ಒಪ್ಪಿಗೆಯೋ ಉದಾಸೀನವೋ ತಿಳಿಯಲಿಲ್ಲ.

ಮೊದಲು ಮಗಳು, ಐದು ವರ್ಷದ ನಂತರ ಮಗ. ಮಗಳು ಮಾತು ಕಲಿತ ದಿನದಿಂದ ವಾದ ಮಾಡುತ್ತಿದ್ದದ್ದರಿಂದ ಮನೆಯಲ್ಲಿ ಅವಳು ವಕೀಲಮ್ಮ. ಮಗ ಉರುಟಾಗಿದ್ದ, ಮಾತು ಕಡಿಮೆ, ಅವನು ಗುಂಡ. ಹಲ್ಲಕ್ಕನ ಅಮ್ಮ ಈಗ ಅಜ್ಜಿ. ಒಗೆಯುವ ಕೆಲಸ ಬಿಟ್ಟು, ಎರಡು ಬೀದಿಯಾಚೆ ಒಂದು ಕೋಣೆಯಲ್ಲಿದ್ದಳು. ಹಗಲು ಮಕ್ಕಳನ್ನು ನೋಡಿಕೊಳ್ಳುವವಳು ಅವಳೇ, ಬೇರೆ ಗತಿಯಿರಲಿಲ್ಲ. ಹಲ್ಲಕ್ಕ ಷರತ್ತು ಹಾಕಿದ್ದಳು: ಊಟ ಹಾಕು, ಸ್ನಾನ ಮಾಡಿಸು, ಕಥೆ ಹೇಳು, ದೇವರ ಸುದ್ದಿ ಮಾತ್ರ ಎತ್ತಬೇಡ.

"ಕಥೆ ಹೇಳು ಅಂತೀಯ, ನನಗೆ ಬರೋ ಕಥೆಯಲ್ಲೆಲ್ಲ ಅವನೇ ಇದ್ದಾನಲ್ಲೇ" ಎಂದಿದ್ದಳು ಅಜ್ಜಿ. ಆದರೂ ಒಪ್ಪಿದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬರಿಯ ಗುಂಯ್‌ಗುಡುತ್ತಿದ್ದಳು, ರಾಗ ಮಾತ್ರ, ಪದವಿಲ್ಲ. ಅದು ಯಾವ ರಾಗವೆಂದು ಹಲ್ಲಕ್ಕನಿಗೆ ಗೊತ್ತಿತ್ತು. ರಾಗಕ್ಕೂ ಬೀಗ ಹಾಕಲಾದೀತೇ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ನಿಜವಾದ ರಗಳೆ ಶುರುವಾದದ್ದು ಶಾಲೆಯಲ್ಲಿ. ನಡೆದು ಹೋಗುವಷ್ಟು ಹತ್ತಿರದಲ್ಲಿ ಇದ್ದದ್ದು ಒಂದೇ ಒಳ್ಳೆಯ ಶಾಲೆ, ಅದೂ ಸಿಸ್ಟರುಗಳದೇ. ಹಾವಿನಿಂದ ತಪ್ಪಿಸಿಕೊಂಡು ಹುತ್ತದ ಮೇಲೆ ಮನೆ ಕಟ್ಟಿದ ಹಾಗಾಯಿತು. ಹೆಡ್ ಸಿಸ್ಟರು ಸಭ್ಯರು. "ನಿಮ್ಮ ಮಗಳು ಧರ್ಮದ ಪೀರಿಯಡ್ಡಿನಲ್ಲಿ ಕೂರಲೇಬೇಕು ಅಂತೇನಿಲ್ಲ. ಆ ಹೊತ್ತಿನಲ್ಲಿ ಹೊರಗೆ ಕೂತು ಚಿತ್ರ ಬರೀಲಿ" ಎಂದರು. ಹಲ್ಲಕ್ಕ ಗೆದ್ದೆ ಎಂದುಕೊಂಡಳು.

ಹೊರಗೆ ಎಂದರೆ ಕಾರಿಡಾರಿನ ಕೊನೆಯಲ್ಲಿ, ಪೊರಕೆ ಬಕೆಟ್ಟು ಇಡುವ ಕಪಾಟಿನ ಪಕ್ಕದ ಬೆಂಚು. ವಕೀಲಮ್ಮ ಅಲ್ಲಿ ಮೂರು ವರ್ಷ ಚಿತ್ರ ಬರೆದಳು. ಒಳಗೆ ಹಾಡು, ಚಪ್ಪಾಳೆ, ನಗು. ಹೊರಗೆ ಇವಳು, ಫಿನಾಯಿಲಿನ ವಾಸನೆ, ಮತ್ತು ಹೋಮ್‌ವರ್ಕ್ ಮಾಡದೆ ಹೊರಗೆ ನಿಲ್ಲಿಸಿದ ಹುಡುಗರು. ಅವರು ಕೇಳುತ್ತಿದ್ದರು: "ನೀನೇನು ಮಾಡ್ದೆ?" ಇವಳು ಹೇಳುತ್ತಿದ್ದಳು: "ಏನೂ ಮಾಡ್ಲಿಲ್ಲ." ಅವರು ನಂಬುತ್ತಿರಲಿಲ್ಲ.

"ಅಮ್ಮಾ, ನನ್ನನ್ನ ಒಳಗೆ ಕೂರ್ಸು" ಎಂದಳು ಒಂದು ದಿನ. "ನಾನು ನಂಬಲ್ಲ, ಸುಮ್ನೆ ಕೂತಿರ್ತೀನಿ."

"ನಂಬದೇ ಇರೋಕೆ ಆಗಲ್ಲ ಕಣೇ, ಆ ವಯಸ್ಸಲ್ಲಿ. ನಂಗೆ ಗೊತ್ತು."

"ಹಾಗಾದ್ರೆ ಪೊರಕೆ ಪಕ್ಕದಿಂದ ಬೇರೆ ಕಡೆಯಾದ್ರೂ ಕೂರ್ಸೋಕೆ ಹೇಳು."

ಹಲ್ಲಕ್ಕ ಹೋಗಿ ಜಗಳವಾಡಿದಳು. ಬೆಂಚನ್ನು ಲೈಬ್ರರಿಗೆ ಹಾಕಿದರು. ಲೈಬ್ರರಿಗೆ ಬೀಗ ಹಾಕಿದ ದಿನ ಮತ್ತೆ ಪೊರಕೆಯ ಪಕ್ಕ. ಹೋದಳು, ಮತ್ತೆ ಜಗಳವಾಡಿದಳು. ಹೆಡ್ ಸಿಸ್ಟರು ಎಂದೂ ದನಿ ಏರಿಸಲಿಲ್ಲ. ಅವರ ಮುಂದೆ ಕುರ್ಚಿಯಲ್ಲಿ ಕೂತಾಗ, ತನಗೆ ಗೊತ್ತಿಲ್ಲದೆಯೇ ಕೈಕಟ್ಟಿ, ಮಂಡಿ ಜೋಡಿಸಿ ಕೂತಿರುವುದನ್ನು ಹಲ್ಲಕ್ಕ ಗಮನಿಸಿಕೊಂಡಳು. ಮನೆಗೆ ಬರುವ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಅವಳಿಗೆ ಒಳಗೊಳಗೆ ಇನ್ನೊಂದು ಚಿಂತೆಯಿತ್ತು. ದೇವರಿಲ್ಲದ ಮನೆಯ ಮಕ್ಕಳು ದಾರಿ ತಪ್ಪಿದವು ಎಂದು ಯಾರ ಬಾಯಿಂದಲೂ ಬರಬಾರದು. ದೇವರಿದ್ದವರ ಮಕ್ಕಳು ಕದ್ದರೆ ಮಕ್ಕಳಾಟ. ಇವಳ ಮಕ್ಕಳು ಕದ್ದರೆ 'ಇನ್ನೇನು ಮತ್ತೆ' ಎನ್ನುತ್ತಾರೆ. ಅದಕ್ಕೇ ಮನೆಯಲ್ಲಿ ಕಟ್ಟುನಿಟ್ಟು. ಉಗುರು ನೋಡುವುದು, ಚಪ್ಪಲಿ ಜೋಡಿಸುವುದು, ಊಟದ ಹೊತ್ತಿನಲ್ಲಿ ಸದ್ದಿಲ್ಲ. ಊಟ ಮುಗಿದ ಮೇಲೆ, ತಟ್ಟೆ ಎತ್ತುವ ಮುಂಚೆ, ಅವಳು ಕೇಳುತ್ತಿದ್ದಳು:

"ಹೇಳಿ, ಇವತ್ತು ಏನು ತಪ್ಪು ಮಾಡಿದ್ರಿ?"

ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಯಾರಿಗೂ ಹೆದರಬೇಕಾಗಿಲ್ಲ, ಆದರೆ ನಿಮ್ಮ ತಪ್ಪು ನಿಮಗೆ ಗೊತ್ತಿರಬೇಕು ಎಂದು ಬಿಡಿಸಿ ಹೇಳುತ್ತಿದ್ದಳು. ವಕೀಲಮ್ಮ ದಿನಕ್ಕೊಂದು ಸಣ್ಣ ತಪ್ಪನ್ನು, ಬಸ್ ಚಾರ್ಜಿಗೆ ಚಿಲ್ಲರೆ ಇಟ್ಟುಕೊಂಡ ಹಾಗೆ, ಸಿದ್ಧವಾಗಿ ಇಟ್ಟುಕೊಂಡು ಕೊಟ್ಟು ಎದ್ದು ಹೋಗುತ್ತಿದ್ದಳು. ಗುಂಡ ಯೋಚಿಸುತ್ತಿದ್ದ. ಅವನು ಯೋಚಿಸಿ ಮುಗಿಸುವಷ್ಟರಲ್ಲಿ ತಟ್ಟೆ ಒಣಗಿ ಹೋಗುತ್ತಿತ್ತು. ಗಂಡ ಒಮ್ಮೆ, "ನನ್ನನ್ನೂ ಕೇಳು, ಇವತ್ತು ಮೂರನೇ ಮಹಡಿಯಲ್ಲಿ ಇಬ್ಬರನ್ನ ಸಿಕ್ಕಿಸಿದ್ದೆ" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಗುಂಡನಿಗೆ ಏಳು ತುಂಬಿದ ವರ್ಷ ಒಂದು ಸಂಜೆ ಅವನು ತಟ್ಟೆ ನೋಡಿಕೊಂಡು ಹೇಳಿದ: "ನಾನು ಒಬ್ಬನ ರಬ್ಬರ್ ಕದ್ದೆ."

ಹಲ್ಲಕ್ಕ ಮುಂದಕ್ಕೆ ಬಾಗಿದಳು. "ಯಾರದು?"

ಮೂಲೆಮನೆ ದರ್ಜಿಯ ಮಗನದು ಎಂದು ಅವನು ಗೊಣಗಿದ. ರಬ್ಬರ್ ಎಲ್ಲಿ ಎಂದರೆ ಕಳೆದುಹೋಯಿತು ಎಂದ. ಅವಳು ಅಂಗಡಿಯಿಂದ ಹೊಸ ರಬ್ಬರ್ ತಂದು, ಅವನ ಕೈಹಿಡಿದು ಎಳೆದುಕೊಂಡು ದರ್ಜಿಯ ಮನೆಗೆ ಹೋದಳು. ದರ್ಜಿಯ ಹೆಂಡತಿ ಕಾಜಾ ಹಾಕುತ್ತ ಕೂತಿದ್ದವಳು ಎದ್ದು ಬಂದಳು.

"ನನ್ನ ಮಗ ನಿಮ್ಮ ಮಗನ ರಬ್ಬರ್ ತೆಗೆದುಕೊಂಡಿದ್ದಾನಂತೆ. ಕ್ಷಮಿಸಬೇಕು. ಹೇಳೋ, ಕ್ಷಮಿಸಿ ಅನ್ನು."

ದರ್ಜಿಯ ಹೆಂಡತಿ ಮಗನನ್ನು ಕರೆದು ಪೆನ್ಸಿಲ್ ಡಬ್ಬಿ ತೆರೆಸಿದಳು. ರಬ್ಬರ್ ಅಲ್ಲೇ ಇತ್ತು, ಮೂಲೆ ಕಚ್ಚಿದ್ದು, ಹೆಸರು ಬರೆದದ್ದು. "ಏನೂ ಹೋಗಿಲ್ವಲ್ಲ ಅಕ್ಕ. ಇವನ ಹತ್ರ ಇರೋದೇ ಇದೊಂದು" ಎಂದಳು. ಗುಂಡನ ಮುಖ ನೋಡಿ, "ಪಾಪ, ಮಗೂನ ಯಾಕೆ ಹೀಗೆ ಮಾಡ್ತೀರಾ" ಎಂದೂ ಸೇರಿಸಿದಳು.

ಬೀದಿಯಲ್ಲಿ ಹಲ್ಲಕ್ಕ ಮಗನ ಎರಡೂ ಭುಜ ಹಿಡಿದು ನಿಲ್ಲಿಸಿದಳು. "ಯಾಕೋ ಸುಳ್ಳು ಹೇಳ್ದೆ?"

ಗುಂಡ ಬಿಕ್ಕುತ್ತ ಹೇಳಿದ: "ಇವತ್ತು ಏನೂ ಮಾಡಿರ್ಲಿಲ್ಲ ಅಮ್ಮ. ಎಷ್ಟು ಯೋಚಿಸಿದ್ರೂ ಏನೂ ಇರ್ಲಿಲ್ಲ. ನೀನು ಕಾಯ್ತಾ ಇದ್ದೆ. ಅದಕ್ಕೆ ಹೇಳ್ದೆ."

ಅವಳು ಅಲ್ಲೇ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೂವತ್ತು ವರ್ಷದ ಹಿಂದಿನ ಸಕ್ಕರೆ ಬಾಯಿಗೆ ಬಂದಿತ್ತು. ಆ ಜಾಲರಿಯಿಂದ ಮಕ್ಕಳನ್ನು ಕಾಪಾಡಲೆಂದು ಅಮ್ಮನ ಕಣ್ಣೀರು, ಸ್ಕೂಲಿನ ಜಗಳ, ಬೀದಿಯವರ ಮಾತು ಎಲ್ಲವನ್ನೂ ಹೊತ್ತಿದ್ದಳು. ಕೊನೆಗೆ ನೋಡಿದರೆ ಜಾಲರಿಯ ಆಚೆ ಕೂತು ಕೆಮ್ಮುತ್ತಿದ್ದವಳು ತಾನೇ. ಗುಂಡ ಅಳು ನಿಲ್ಲಿಸಿ, ಹೊಸ ರಬ್ಬರ್ ತಾನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ. "ಇಟ್ಕೋ" ಎಂದಳು.

ಅಂದಿನಿಂದ ಊಟದ ನಂತರದ ಪ್ರಶ್ನೆ ನಿಂತಿತು. ಅದರ ಜಾಗದಲ್ಲಿ ಏನಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. "ಇವತ್ತು ಏನು ಖುಷಿಯಾಯ್ತು?" ಎಂದು ಕೇಳಿ ನೋಡಿದಳು, ವಕೀಲಮ್ಮ, "ಇದಕ್ಕೂ ಸರಿಯಾದ ಉತ್ತರ ಇದೆಯಾ?" ಎಂದಳು. ಅದೂ ನಿಂತಿತು. ಗಂಡನ ಮೇಲೆ ಹರಿಹಾಯ್ದಳು: "ಎಲ್ಲಾ ನಾನೇ ಮಾಡಬೇಕಾ? ನೀವೂ ಒಂದು ಮಾತು ಹೇಳಬಾರದಾ ಮಕ್ಕಳಿಗೆ?"

"ನಂಗೆ ಹೇಳೋಕೆ ಏನೂ ಹೇಳಿಕೊಟ್ಟಿಲ್ಲ ಕಣೇ ಯಾರೂ" ಎಂದ ಅವನು. "ಲಿಫ್ಟಲ್ಲಿ ಸಿಕ್ಕೊಂಡವರಿಗೆ ಒಂದೇ ಹೇಳೋದು, ಗಾಬರಿ ಮಾಡ್ಕೋಬೇಡಿ, ಬಂದೆ ಅಂತ. ಅಷ್ಟು ಸಾಕಾದ್ರೆ ಹೇಳ್ತೀನಿ."

ಅವಳಿಗೆ ಅದು ಸಾಕಾಗಲಿಲ್ಲ.

ಕೆಲವು ವರ್ಷ ಹೀಗೆಯೇ ಕಳೆದವು. ಅಜ್ಜಿಗೆ ಶ್ವಾಸಕೋಶದ ಕಾಯಿಲೆ ಬಂತು. ಜೀವನವಿಡೀ ಬಟ್ಟೆ ಬೇಯಿಸುವ ಸೋಡಾದ ಹಬೆ ಕುಡಿದ ಎದೆ. ಮೆಟ್ಟಿಲು ಹತ್ತಲಾಗದೆ, ಆಮೇಲೆ ಮಂಚದಿಂದ ಏಳಲಾಗದೆ ಹೋಯಿತು. ಹಲ್ಲಕ್ಕ ಅವಳನ್ನು ತನ್ನ ಮನೆಗೇ ಕರೆತಂದು ಗುಂಡನ ಕೋಣೆಯಲ್ಲಿ ಮಲಗಿಸಿದಳು. ಅಜ್ಜಿಯ ಜಪಮಾಲೆಯೂ ಬಂತು. ಸಾಯುವವಳ ಕೈಯಿಂದ ಕಿತ್ತುಕೊಳ್ಳುವಷ್ಟು ಕಲ್ಲುಹೃದಯ ಹಲ್ಲಕ್ಕನದಲ್ಲ.

ಒಂದು ಮಧ್ಯಾಹ್ನ ಹಲ್ಲಕ್ಕ, ಮಕ್ಕಳಿಬ್ಬರು, ಮೂವರೂ ಮಂಚದ ಸುತ್ತ ಇದ್ದರು. ಅಜ್ಜಿ ಕಣ್ಣು ತೆರೆದು ವಕೀಲಮ್ಮನ ಕಡೆ ನೋಡಿದಳು. "ಪುಟ್ಟಿ, ಒಂದು ಹಾಡು ಹೇಳೇ. ಸಂಜೆ ಪ್ರಾರ್ಥನೇದು."

ವಕೀಲಮ್ಮನಿಗೆ ಆಗ ಹದಿನೈದು. ಅಜ್ಜಿಯ ಬೆರಳು ಹಿಡಿದುಕೊಂಡು ಅಮ್ಮನ ಕಡೆ ತಿರುಗಿದಳು. "ನಂಗೆ ಬರಲ್ಲ ಅಜ್ಜಿ. ಒಂದೂ ಬರಲ್ಲ."

"ರಾಗ ಆದ್ರೂ?"

"ರಾಗ ಬರುತ್ತೆ. ಪದ ಗೊತ್ತಿಲ್ಲ."

ಆಗ ಹಲ್ಲಕ್ಕ ಹಾಡಿದಳು. ಇಪ್ಪತ್ತು ವರ್ಷದಿಂದ ಬಾಯಿಗೆ ತಂದುಕೊಳ್ಳದ ಹಾಡು. ಒಂದು ಅಕ್ಷರವೂ ತಪ್ಪಲಿಲ್ಲ. ಆದರೆ ಅವಳಿಗೆ ಬರುತ್ತಿದ್ದದ್ದು ಎರಡನೇ ದನಿ ಮಾತ್ರ. ಮೊದಲನೇ ದನಿಯಿಲ್ಲದೆ ಅದು ಹಾಡಿನಂತೆ ಕೇಳಲಿಲ್ಲ. ಯಾರಿಗೋ ಉತ್ತರ ಕೊಡುತ್ತಿರುವಂತೆ, ಆ ಯಾರೋ ಅಲ್ಲಿಲ್ಲದಂತೆ ಕೇಳಿಸಿತು. ಅರ್ಧದಲ್ಲಿ ವಕೀಲಮ್ಮ ಪದವಿಲ್ಲದೆ ಗುಂಯ್‌ಗುಡುತ್ತ ಮೊದಲನೇ ದನಿಗೆ ಸೇರಿಕೊಂಡಳು. ಅಜ್ಜಿಯ ತುಟಿ ಅಲುಗುತ್ತಿತ್ತು. ಗುಂಡ ಕಿಟಕಿಯ ಬಳಿ ನಿಂತು ಒಬ್ಬೊಬ್ಬರನ್ನೇ ನೋಡುತ್ತಿದ್ದ.

ಅಜ್ಜಿ ಅದೇ ವಾರ ತೀರಿಕೊಂಡಳು. ಅವಳ ಇಚ್ಛೆಯಂತೆ ಚರ್ಚಿನಲ್ಲೇ ಎಲ್ಲ ನಡೆಯಿತು. ಎದ್ದು ನಿಲ್ಲುವಾಗ ಎದ್ದು ನಿಂತು, ಕೂರುವಾಗ ಕೂತು, ಪಾದ್ರಿಗಳ ಪ್ರಾರ್ಥನೆಗೆ ತಾನಾಗಿ ಬಾಯಿಗೆ ಬಂದ ಉತ್ತರಗಳನ್ನು ನುಂಗಿಕೊಂಡು ಹಲ್ಲಕ್ಕ ಮುಗಿಸಿದಳು. ಮಕ್ಕಳಿಬ್ಬರೂ ಪ್ರತಿಯೊಂದಕ್ಕೂ ಒಂದು ಗಳಿಗೆ ತಡವಾಗಿ ಏಳುತ್ತಿದ್ದರು, ಪಕ್ಕದವರನ್ನು ನೋಡಿ ನೋಡಿ. ತಮ್ಮ ಅಜ್ಜಿಯದೇ ಅಂತ್ಯಕ್ರಿಯೆಯಲ್ಲಿ ಗೊತ್ತಿಲ್ಲದ ಊರಿಗೆ ಬಂದವರ ಹಾಗೆ.

ಮನೆಗೆ ಬಂದ ಮೇಲೆ ಗುಂಡ ಕೇಳಿದ: "ಅಮ್ಮಾ, ಅಜ್ಜಿ ಈಗ ಎಲ್ಲಿದ್ದಾರೆ?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಬಾರದು ಎಂದು ಹಿಂದೆಯೇ ನಿಶ್ಚಯಿಸಿದ್ದಳು. "ಎಲ್ಲೂ ಇಲ್ಲ ಮಗ. ಅಜ್ಜಿ ಮುಗಿದರು. ನಮ್ಮ ನೆನಪಲ್ಲಿ ಇರ್ತಾರೆ."

"ನಾನು ಮರೆತುಬಿಟ್ರೆ?"

ಆಗ ವಕೀಲಮ್ಮ ಬಾಗಿಲ ಬಳಿಯಿಂದ, ಶೂ ಬಿಚ್ಚುತ್ತ, ತಲೆಯೆತ್ತದೆ ಮಾತಾಡಿದಳು. ಅವಳ ದನಿಯಲ್ಲಿ ವಾದದ ಉತ್ಸಾಹವಿರಲಿಲ್ಲ, ಸುಸ್ತಿತ್ತು.

"ನಿಂಗೆ ಎಲ್ಲಾ ಗೊತ್ತು ಅಮ್ಮ. ಹಾಡು ಗೊತ್ತು, ಯಾವಾಗ ಏಳಬೇಕು, ಯಾವಾಗ ಕೂರಬೇಕು ಗೊತ್ತು. ನೀನು ಅದನ್ನೆಲ್ಲಾ ನೋಡಿ, ಬೇಡ ಅಂತ ಬಿಟ್ಟೆ. ಬಿಡೋಕಾದ್ರೂ ನಿನಗೆ ಏನೋ ಇತ್ತು. ನಮಗೆ ಬಿಡೋಕೂ ಏನೂ ಇಲ್ಲ."

"ನಿಮಗೆ ಹೆದರಿಕೆ ಬೇಡ ಅಂತ ಕಣೇ—"

"ಹೆದರಿಕೆ ಇತ್ತಲ್ಲಮ್ಮ. ದಿನಾ ಊಟ ಆದ್ಮೇಲೆ."

ಹಲ್ಲಕ್ಕ ಅಡುಗೆಮನೆಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ಮುಂದಿನ ವರ್ಷ ವಕೀಲಮ್ಮ ಗೆಳತಿಯೊಬ್ಬಳ ಜತೆ ಭಾನುವಾರ ಚರ್ಚಿಗೆ ಹೋಗುತ್ತೇನೆಂದಳು. ಹಾಡುವ ಗುಂಪಿಗೆ ಸೇರಿಸಿಕೊಳ್ಳುತ್ತಾರಂತೆ. ಕೇಳಿದ್ದು ಅಪ್ಪನನ್ನಲ್ಲ, ಅಮ್ಮನನ್ನೇ, ಅದೂ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಬಂದು. ಹಲ್ಲಕ್ಕನ ಕೈಯಲ್ಲಿ ಯಾರದೋ ಮೇಲಿನ ಸೆಟ್ಟು ಇತ್ತು; ಬಿಸಿ ಮೇಣದಲ್ಲಿ ಕೋರೆಹಲ್ಲು ನೆಡುತ್ತಿದ್ದಳು.

"ದೊಡ್ಡವರಾದ ಮೇಲೆ ನೀವೇ ನೋಡ್ಕೊಳ್ಳಿ ಅಂತ ನೀನೇ ಹೇಳಿದ್ದಂತೆ. ಅಪ್ಪ ಹೇಳಿದ್ರು."

ಕೋರೆಹಲ್ಲು ಓರೆಯಾಯಿತು. ಕಿತ್ತು ಮತ್ತೆ ನೆಟ್ಟಳು. ಹೇಳಿದ್ದು ನಿಜ. ಹೇಳುವಾಗ, ಮಕ್ಕಳು ದೊಡ್ಡವರಾಗಿ ನೋಡಿ, ತನ್ನ ಹಾಗೆಯೇ ಬೇಡವೆನ್ನುತ್ತಾರೆ ಎಂದುಕೊಂಡಿದ್ದಳು. ನೋಡಿ ಬೇಕು ಎನ್ನಬಹುದು ಎನ್ನುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾತು ಕೊಟ್ಟವಳು ತಾನು.

"ಹೋಗು" ಎಂದಳು. "ಪಾಪನಿವೇದನೆ ಮಾತ್ರ ಬೇಡ."

"ಅದಕ್ಕೆಲ್ಲ ನನ್ನನ್ನ ಬಿಡಲ್ಲ ಅಮ್ಮ. ನಂಗೆ ಜ್ಞಾನಸ್ನಾನ ಆಗಿಲ್ವಲ್ಲ."

ಆ ತಿಂಗಳುಗಳು ಹಲ್ಲಕ್ಕನಿಗೆ ಮುಳ್ಳಿನ ಮೇಲೆ ಕೂತ ಹಾಗಿದ್ದವು. ಭಾನುವಾರ ಬೆಳಗ್ಗೆ ಮಗಳು ತಲೆ ಬಾಚಿಕೊಂಡು ಹೊರಟರೆ, ಇವಳು ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸುತ್ತಿದ್ದಳು. ಮಗಳು ಮರಳಿ ಬಂದಾಗ ಮುಖದಲ್ಲಿ ಹೆದರಿಕೆಯ ಗುರುತೇನಾದರೂ ಇದೆಯೇ ಎಂದು ಕಳ್ಳನೋಟದಲ್ಲಿ ಹುಡುಕುತ್ತಿದ್ದಳು. ಇರುತ್ತಿರಲಿಲ್ಲ. ಹುಡುಗಿ ಹಸಿದಿರುತ್ತಿದ್ದಳು, ಅಷ್ಟೇ. ಬಚ್ಚಲಲ್ಲಿ ಹಾಡುತ್ತಿದ್ದಳು, ಮೊದಲನೇ ದನಿ. ಗೋಡೆಯ ಈಚೆ ಹಲ್ಲಕ್ಕ ತುಟಿ ಬಿಗಿದು ನಿಲ್ಲುತ್ತಿದ್ದಳು. ಗಂಟಲು ಮಾತ್ರ ತಾನಾಗಿ ಎರಡನೇ ದನಿಗೆ ಏಳುತ್ತಿತ್ತು.

"ಅವಳಿಗೆ ಏನಾದ್ರೂ ಆಗಿಬಿಟ್ರೆ?" ಎಂದಳು ಗಂಡನಿಗೆ.

"ಏನಾಗುತ್ತೆ? ನಿನ್ನ ಹಾಗೆ ಆಗ್ತಾಳೆ. ಅದೇನು ಅಷ್ಟು ಕೆಟ್ಟದಾ?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೂ ಅವಳು ಅವನೊಡನೆ ಎರಡು ದಿನ ಮಾತಾಡಲಿಲ್ಲ.

ಆಮೇಲೆ ಒಂದು ಭಾನುವಾರ ವಕೀಲಮ್ಮ ಏಳಲೇ ಇಲ್ಲ. ಗಂಟೆ ಒಂಬತ್ತಾಯಿತು. ಹಲ್ಲಕ್ಕ ಬಾಗಿಲಲ್ಲಿ ನಿಂತು ಕೇಳಿದಳು.

"ಇವತ್ತು ಹೋಗಲ್ವಾ?"

"ಇಲ್ಲ. ಬಿಟ್ಟೆ."

"ಬಿಟ್ಟೆ ಅಂದ್ರೆ?"

ಮಗಳು ಹೊದಿಕೆಯಿಂದ ಅರ್ಧ ಮುಖ ಹೊರಹಾಕಿದಳು. "ಬೇಜಾರಾಯ್ತು ಅಮ್ಮ. ಹಾಡು ಚೆನ್ನಾಗಿದೆ. ಮಧ್ಯದಲ್ಲಿ ಪಾದ್ರಿ ತುಂಬಾ ಹೊತ್ತು ಮಾತಾಡ್ತಾರೆ. ಮತ್ತೆ ಅವರು ಹೇಳೋದು ನಿಜ ಅಂತ ನಂಗೆ ಅನ್ನಿಸ್ಲಿಲ್ಲ. ಪ್ರಯತ್ನ ಪಟ್ಟೆ. ಆಗ್ಲಿಲ್ಲ." ಮತ್ತೆ ಮುಸುಕು ಹಾಕಿಕೊಂಡಳು.

ಹಲ್ಲಕ್ಕ ಸಂತೋಷಪಡಬೇಕಿತ್ತು. ಬದಲಿಗೆ ಅವಳ ತಲೆಗೆ ಸರ್ರನೆ ಸಿಟ್ಟೇರಿತು.

"ಇಷ್ಟೇನಾ? ಬೇಜಾರಾಯ್ತು, ಬಿಟ್ಟೆ? ಅಷ್ಟು ಸುಲಭಾನಾ ಅದು? ಗುಂಪಿನವರಿಗೆ ಹೇಳಿದ್ಯಾ? ಕಲಿಸಿದವರಿಗೆ ಒಂದು ಮಾತು ಹೇಳಿ ಬರೋದಲ್ವಾ?"

ವಕೀಲಮ್ಮ ಎದ್ದು ಕೂತಳು. "ಅಮ್ಮ, ನಿಂಗೆ ಏನು ಬೇಕು? ಹೋದ್ರೂ ಸಿಟ್ಟು, ಬಿಟ್ರೂ ಸಿಟ್ಟು. ಹೇಳು, ಸರಿಯಾಗಿ ಬಿಡೋದು ಹೇಗೆ?"

ಹಲ್ಲಕ್ಕನ ಲೆಕ್ಕದಲ್ಲಿ ಸರಿಯಾಗಿ ಬಿಡುವುದೆಂದರೆ ಭಾನುವಾರಗಟ್ಟಲೆ ನಡುಗುತ್ತ ಕೂರುವುದು, ನಿದ್ದೆಗೆಡುವುದು, ಅಮ್ಮನ ಮುಖ ನೋಡಲಾಗದೆ ಒದ್ದಾಡುವುದು. ತಾನು ವರ್ಷಗಳನ್ನು ತೆತ್ತು ದಾಟಿದ ಹೊಳೆಯನ್ನು ಈ ಹುಡುಗಿ ಚಪ್ಪಲಿಯೂ ನೆನೆಯದೆ ದಾಟಿಬಿಟ್ಟಿದ್ದಳು. ತಾನು ಬಯಸಿದ್ದೂ ಅದನ್ನೇ. ಹಾಗಿದ್ದರೂ ಯಾರೋ ತನ್ನ ಕಿಸೆಗೆ ಕೈಹಾಕಿ ಮೋಸ ಮಾಡಿದಂತೆ ಅವಳಿಗೆ ಉರಿಯಿತು. ಈ ಉರಿಯನ್ನು ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ "ಬಿಡು" ಎನ್ನುತ್ತಾನೆ. ಅಮ್ಮ ಇದ್ದಿದ್ದರೆ ನಗುತ್ತಿದ್ದಳು.

"ಕಾಫಿ ಆರಿಹೋಗ್ತಿದೆ, ಏಳು" ಎಂದಷ್ಟೇ ಹೇಳಿ ಒಳಗೆ ಬಂದಳು.

ಈಗ ವಕೀಲಮ್ಮ ಬೇರೆ ಊರಿನಲ್ಲಿ ಓದುತ್ತಿದ್ದಾಳೆ, ಕಾನೂನನ್ನಲ್ಲ, ಔಷಧ ತಯಾರಿಸುವುದನ್ನು. ಯಾರಾದರೂ ಧರ್ಮ ಯಾವುದೆಂದು ಕೇಳಿದರೆ "ಅಮ್ಮನ ಹತ್ರ ಒಂದು ಇತ್ತು, ಎಲ್ಲಿಟ್ಟಿದ್ದಾಳೋ" ಎನ್ನುತ್ತಾಳಂತೆ. ಅದನ್ನು ಯಾರೋ ಹಲ್ಲಕ್ಕನಿಗೆ ನಗುತ್ತ ಹೇಳಿದರು. ಅವಳಿಗೆ ನಗು ಬರಲಿಲ್ಲ.

ಗುಂಡನಿಗೆ ಮೀಸೆ ಚಿಗುರುತ್ತಿದೆ. ಅವನ ಬಗ್ಗೆ ಯಾರೂ ಚಿಂತಿಸಿರಲಿಲ್ಲ. ಅವನು ಚಿಂತೆ ಹುಟ್ಟಿಸುವ ಹುಡುಗನೂ ಅಲ್ಲ. ಮೊನ್ನೆ ಮೂವರೂ ಊಟಕ್ಕೆ ಕೂತಾಗ ಹಲ್ಲಕ್ಕ ಬಡಿಸಿ ತಲೆಯೆತ್ತಿ ನೋಡಿದರೆ, ಅವನು ತಟ್ಟೆಯ ಮುಂದೆ ಕಣ್ಣು ಮುಚ್ಚಿಕೊಂಡಿದ್ದ. ತುಟಿ ಅಲುಗುತ್ತಿತ್ತು. ಆ ತುಟಿಯ ಅಲುಗಾಟದಿಂದಲೇ ಅವಳಿಗೆ ಪದಗಳು ಗೊತ್ತಾದವು, ಅಜ್ಜಿ ಊಟಕ್ಕೆ ಮುಂಚೆ ಹೇಳುತ್ತಿದ್ದ ಪ್ರಾರ್ಥನೆಯವು. ಕಾಯಿಲೆಯ ತಿಂಗಳುಗಳಲ್ಲಿ ಅಜ್ಜಿ ಮಲಗಿದ್ದದ್ದು ಇವನ ಕೋಣೆಯಲ್ಲಿ.

"ಎಷ್ಟು ದಿನದಿಂದ ಇದು?" ಎಂದು ಗಂಡನಿಗೆ ಕಣ್ಸನ್ನೆ ಮಾಡಿದಳು. ಗಂಡ ಭುಜ ಕುಣಿಸಿದ. ಅವನಿಗೆ ಗೊತ್ತಿತ್ತೆಂದು ಅವಳಿಗೆ ಗೊತ್ತಾಯಿತು.

ಮೇಜಿಗೆ ಗುದ್ದಬೇಕು ಎನಿಸಿತು. ಕೇಳಬೇಕು ಎನಿಸಿತು: ಹೆದರಿಕೆಯಿಂದ ಮಾಡ್ತೀಯಾ, ನಂಬಿಕೆಯಿಂದ ಮಾಡ್ತೀಯಾ, ಅಥವಾ ಅಜ್ಜಿ ಮರೆತುಹೋಗಬಾರದು ಅಂತಾನಾ? ಮೂರನೆಯದಾದರೆ ಇರಲಿ. ಮೊದಲನೆಯದಾದರೆ? ಕೇಳಿದರೆ ಅವನು ಯೋಚಿಸಲು ಕೂರುತ್ತಾನೆ, ಅಮ್ಮನಿಗೆ ಯಾವ ಉತ್ತರ ಬೇಕೆಂದು ಹುಡುಕಿ ಅದನ್ನೇ ಕೊಡುತ್ತಾನೆ. ಅಷ್ಟು ಅವಳಿಗೆ ಗೊತ್ತಿತ್ತು.

ಸೌಟನ್ನು ಬೇಕೆಂದೇ ಸದ್ದು ಮಾಡಿ ಕೆಳಗಿಟ್ಟಳು. ಗುಂಡ ಕಣ್ಣು ತೆರೆಯಲಿಲ್ಲ.

"ಆರಿಹೋಗುತ್ತೆ ಕಣೋ" ಎಂದಳು. "ಬೇಗ ಮುಗ್ಸು."